ಬಾಳವ್ವ ಕೇಳಿದ ಟೆಲಿಫೋನು

"ಗುರುಗಳೇ, ಒಂದು ಕೆಲಸ ಹತ್ತಾರು ಕೈ ದಾಟಿ ಕೊನೆಗೆ ಕೆಟ್ಟರೆ, ಹೊಣೆ ಯಾರದು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನಾಡಿನಲ್ಲಿ ಯುದ್ಧ ನಡೆದಿತ್ತು. ಒಂದು ಸಣ್ಣ ಊರಿನಿಂದ ಹನ್ನೊಂದು ಮಂದಿ ಸೈನ್ಯಕ್ಕೆ ಹೋಗಿದ್ದರು. ಅವರ ಸುದ್ದಿ ತಿಳಿಯಬೇಕಾದರೆ ಮನೆಯವರು ಎರಡು ದಿನ ನಡೆದು ಪಟ್ಟಣದ ಕಚೇರಿಗೆ ಹೋಗಬೇಕಿತ್ತು. ಬಾಳವ್ವ ಎಂಬ ವಿಧವೆಗೆ ಒಬ್ಬನೇ ಮಗ. ಅವನೂ ಹೋಗಿದ್ದ. ಆಕೆ ಕಚೇರಿಗೆ ಬಂದಾಗಲೆಲ್ಲ ಅಧಿಕಾರಿಗೆ ಕೈಮುಗಿದು, "ನಮ್ಮೂರಿಗೊಂದು ಟೆಲಿಫೋನು ಹಾಕಿಸಿಕೊಡಿ. ಮಗ ಇದ್ದಾನೆ ಅಂತ ಕೇಳಿದರೆ ಸಾಕು" ಎನ್ನುತ್ತಿದ್ದಳು. ಅಧಿಕಾರಿ ಅದನ್ನು ಬರೆದು ಮೇಲಿನವರಿಗೆ ಕಳಿಸಿದ. ಅವರು ತಮ್ಮ ಮೇಲಿನವರಿಗೆ ಕಳಿಸಿದರು.

ಯುದ್ಧ ಮುಗಿಯಿತು. ಇಬ್ಬರು ಮಾತ್ರ ಊರಿಗೆ ಮರಳಿದರು. ಅವರಲ್ಲಿ ಬಾಳವ್ವನ ಮಗನಿರಲಿಲ್ಲ.

ಅದಾಗಿ ಮೂರು ತಿಂಗಳಿಗೆ ಸಾಮಾನು ತರಿಸಲು ಅಪ್ಪಣೆಯಾಯಿತು. ಮಳೆಗಾಲ ಕಳೆದ ಮೇಲೆ ವರ್ತಕನೊಬ್ಬ ಕಂಬಗಳನ್ನೂ ತಂತಿಯ ಸುರುಳಿಗಳನ್ನೂ ಟೆಲಿಫೋನನ್ನೂ ಗಾಡಿಗಳಲ್ಲಿ ಹೇರಿಕೊಂಡು ಬಂದು ಚಾವಡಿಯ ಮುಂದೆ ಇಳಿಸಿದ. ಊರ ಗೌಡ, "ಯುದ್ಧ ಮುಗಿಯಿತು, ನಮಗೀಗ ಇದು ಬೇಡ" ಎಂದ. ವರ್ತಕ, "ಹೇಳಿದ್ದನ್ನು ತಂದಿದ್ದೇನೆ, ವಾಪಸು ಒಯ್ಯಲಾರೆ" ಎಂದ. ಅಧಿಕಾರಿ, "ತರಿಸಿದವನು ನಾನಲ್ಲ, ಮೇಲಿನವರು" ಎಂದ. ಮೇಲಿನವರು ಅಧಿಕಾರಿಯ ಕಾಗದವನ್ನೇ ತೋರಿಸಿದರು. ಜಗಳ ಒಂದು ವರ್ಷ ನಡೆಯಿತು. ಸಾಮಾನು ಬಿದ್ದಲ್ಲೇ ಬಿದ್ದಿತ್ತು.

ಕೊನೆಗೆ ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬಂದ. ಎಲ್ಲರನ್ನೂ ಚಾವಡಿಗೆ ಕರೆಸಿ, "ಇದು ಬೇಕೆಂದು ಮೊದಲು ಕೇಳಿದವರು ಯಾರು?" ಎಂದ.

ಹಿಂದೆ ಕುಳಿತಿದ್ದ ಬಾಳವ್ವ ಎದ್ದು ನಿಂತಳು.

"ನಾನು ಸಾಹೇಬರೇ. ತಪ್ಪು ನನ್ನದೇ ಅಂತ ಬರೆದುಕೊಳ್ಳಿ. ಇವರನ್ನೆಲ್ಲ ಬಿಟ್ಟುಬಿಡಿ."

"ಕೇಳಿ ತರಿಸಿಕೊಂಡು ಈಗ ಬೇಡವೆಂದರೆ ಹೇಗಮ್ಮಾ?"

ಬಾಳವ್ವ ಟೆಲಿಫೋನಿನ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಬೇಡ ಅಂತ ನಾನೆಲ್ಲಿ ಹೇಳಿದೆ? ಇದರಲ್ಲಿ ಅವನು ಮಾತಾಡುವುದಾದರೆ ಹೇಳಿ, ನಾನೇ ಹೊತ್ತುಕೊಂಡು ಹೋಗುತ್ತೇನೆ."

ಹಿರಿಯ ಅಧಿಕಾರಿ ಲೇಖನಿ ಕೆಳಗಿಟ್ಟ. ಬಾಳವ್ವ ಸೆರಗು ಕೊಡವಿಕೊಂಡು ಮನೆಗೆ ಹೋದಳು. ಆಕೆ ಹೋದ ಮೇಲೆ ಚಾವಡಿಯಲ್ಲಿದ್ದವರೆಲ್ಲ ಕಾಗದಗಳನ್ನು ಬಿಚ್ಚಿ, ಯಾವುದರ ಮೇಲೆ ಯಾರ ಸಹಿ ಇದೆಯೆಂದು ಮತ್ತೆ ನೋಡತೊಡಗಿದರು.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು. ಶಿಷ್ಯ, "ಕೊನೆಗೆ ತಪ್ಪು ಯಾರದೆಂದು ತೀರ್ಮಾನವಾಯಿತು?" ಎಂದು ಕೇಳಿದ.

ಗುರುಗಳು ಹೇಳಿದರು: "ಆ ತಾಯಿಯ ಮಗನ ಹೆಸರೇನೆಂದು ಅಲ್ಲಿ ಒಬ್ಬರೂ ಕೇಳಲಿಲ್ಲ ಮಗು, ನೀನೂ ಕೇಳಲಿಲ್ಲ."