ಮೊಸರಿನವಳ ಒಂದು ಪಾಲು

"ಗುರುಗಳೇ, ನನ್ನ ತಲೆ ಕೆಟ್ಟುಹೋಗಿದೆ" ಎಂದ ಶಿಷ್ಯ ಮುರಿಗೆಪ್ಪ. "ನನ್ನ ಹತ್ತಿರ ಒಂದು ಕಂಪನಿಯ ನೂರು ಷೇರುಗಳಿವೆ. ಅವರು ಇಲ್ಲಿನ ಪೇಟೆಯಲ್ಲೂ ವಿದೇಶದ ಪೇಟೆಯಲ್ಲೂ ಹೊಸ ಷೇರು ಮಾರಿ ಬಂಡವಾಳ ಎತ್ತುತ್ತಾರಂತೆ. ಒಪ್ಪಿಗೆ ಕೇಳಿದ್ದಾರೆ. ನನ್ನ ನೂರು ನೂರಾಗಿಯೇ ಇರುತ್ತದೆ, ಆದರೂ ನನ್ನ ಪಾಲು ಕಿರಿದಾಗುತ್ತದೆ ಅನ್ನುತ್ತಾರೆ. ಇದೆಂಥದ್ದು? ಒಪ್ಪಲೋ, ಬೇಡವೋ?"

ಗುರುಗಳು ನಕ್ಕರು. "ಮಠಕ್ಕೆ ಬಂದು ಷೇರುಪೇಟೆ ಕೇಳುತ್ತೀಯಲ್ಲೋ! ಆಗಲಿ, ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಕತೆ ಶುರುಮಾಡಿದರು.

ಒಂದು ಹೊಳೆ. ಅದಕ್ಕೊಬ್ಬ ಅಂಬಿಗ. ಅವನ ದೋಣಿಯಲ್ಲಿ ಈ ದಡದವರದೇ ಹತ್ತು ಪಾಲು. ಅದರಲ್ಲೊಂದು ಮೊಸರು ಮಾರುವ ಹೆಂಗಸಿನದು. ಗಂಡ ಸತ್ತ ಮೇಲೆ ಕೈಬಳೆ ಮಾರಿ ಕೊಂಡದ್ದು. ಪೇಟೆ ಆ ದಡದಲ್ಲಿ. ಬೆಳಗ್ಗೆ ಬೇಗ ಮುಟ್ಟಿದರೆ ಮೊಸರು ಖರ್ಚಾಗುತ್ತದೆ, ಮಕ್ಕಳ ಹೊಟ್ಟೆ ತುಂಬುತ್ತದೆ. ದೋಣಿ ಎಲ್ಲಿ ಕಟ್ಟಬೇಕು, ಯಾವಾಗ ಬಿಡಬೇಕು ಎಂಬುದನ್ನೆಲ್ಲ ಪಾಲುದಾರರು ಕೈಯೆತ್ತಿ ತೀರ್ಮಾನಿಸುತ್ತಿದ್ದರು. ಪಾಲಿಗೊಂದು ಕೈ.

ದೋಣಿ ಹಳತಾಯಿತು. ತಳದಲ್ಲಿ ನೀರು ಜಿನುಗತೊಡಗಿತು. ಹೊಸ ಪಾಲು ಮಾರಿ ದೊಡ್ಡ ದೋಣಿ ಕಟ್ಟಿಸುತ್ತೇನೆ ಎಂದ ಅಂಬಿಗ. ಮೊದಲು ಹಳಬರನ್ನೇ ಕೇಳಿದ. ಇಬ್ಬರು ಒಂದೊಂದು ಕೊಂಡರು, ಉಳಿದವರ ಕೈ ಖಾಲಿ. ಮಿಕ್ಕಿದ್ದನ್ನು ಆ ದಡದಲ್ಲಿ ಮಾರಲು ಒಪ್ಪಿಗೆ ಬೇಡಿದ.

"ನನ್ನ ಪಾಲು ಹೋಗುತ್ತದೇನಪ್ಪಾ?" ಎಂದಳು ಮೊಸರಿನವಳು.

"ಎಲ್ಲಿಗೆ ಹೋಗುತ್ತದಮ್ಮಾ? ನಿನ್ನದು ನಿನ್ನದೇ. ಯಾರೂ ಮುಟ್ಟುವುದಿಲ್ಲ."

ಅವಳು ನಿಶ್ಚಿಂತೆಯಿಂದ ಕೈಯೆತ್ತಿದಳು. ಅಂಬಿಗ ಹೇಳಿದ್ದು ಸುಳ್ಳಲ್ಲ, ತಿಳಿಯಿತೇ? ಆ ದಡದ ವ್ಯಾಪಾರಿಗಳು ಹದಿನೈದು ಪಾಲು ಕೊಂಡರು, ಅದೂ ಒಳ್ಳೇ ಬೆಲೆಗೆ. ದೊಡ್ಡ ದೋಣಿ ಬಂತು. ದನ ದಾಟಿತು, ಗಾಡಿ ದಾಟಿತು. ಅವಳಿಗೆ ಬರುವ ಲಾಭವೂ ಮೊದಲಿಗಿಂತ ಹೆಚ್ಚೇ ಆಯಿತು.

ಆಮೇಲೆ ಆ ದಡದವರು, ದೋಣಿ ಇನ್ನು ನಮ್ಮಲ್ಲೇ ತಂಗಲಿ, ಬೆಳಗ್ಗೆ ನಮ್ಮಲ್ಲಿಂದಲೇ ಹೊರಡಲಿ ಎಂದರು. ಕೈ ಎತ್ತಿದರು. ಅವರದು ಹದಿನೈದು, ಇವರದು ಹನ್ನೆರಡು. ಮುಗಿಯಿತು. ದೋಣಿ ಅಲ್ಲಿ ತುಂಬಿದ ಮೇಲೆಯೇ ಇತ್ತ ಬರತೊಡಗಿತು. ಮೊಸರಿನವಳು ಪೇಟೆ ಮುಟ್ಟುವಷ್ಟರಲ್ಲಿ ಜನ ಚದುರಿರುತ್ತಿದ್ದರು, ಮೊಸರು ಹುಳಿ ಬಂದಿರುತ್ತಿತ್ತು. ವರ್ಷಕ್ಕೊಮ್ಮೆ ಬರುವ ಲಾಭ ಎಷ್ಟು ದಿನಕ್ಕೆ ಸಾಕು? ಪಾಪ, ಮಕ್ಕಳು ಅರೆಹೊಟ್ಟೆ ಉಣ್ಣತೊಡಗಿದವು.

ಅವಳು ಅಂಬಿಗನ ಮುಂದೆ ಅತ್ತಳು. "ನನಗೆ ಮೋಸ ಮಾಡಿದವರು ಯಾರು, ಹೇಳಪ್ಪಾ?"

ಅಂಬಿಗ ತಲೆ ಕೆರೆದುಕೊಂಡ. ಎಷ್ಟು ಯೋಚಿಸಿದರೂ ಒಬ್ಬರ ಹೆಸರೂ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು, ಒಪ್ಪಬಾರದು" ಎಂದ ಮುರಿಗೆಪ್ಪ.

"ಒಪ್ಪದಿದ್ದರೆ ಹಳೇ ದೋಣಿ ಅವಳನ್ನೂ ಹೊತ್ತುಕೊಂಡೇ ಮುಳುಗುತ್ತಿತ್ತು."

"ಹಾಗಾದರೆ ಒಪ್ಪಬೇಕು?"

"ಒಪ್ಪಿ ಅವಳು ಸುಖಪಟ್ಟಳೇನೋ?"

ಮುರಿಗೆಪ್ಪನಿಗೆ ಅಳುವೇ ಬಂದಂತಾಯಿತು. "ಅಯ್ಯೋ ಗುರುಗಳೇ, ಬರುವಾಗ ಇದ್ದ ಅಷ್ಟಿಷ್ಟು ಬುದ್ಧಿಯೂ ಹೋಯಿತು! ನಾನೇನು ಮಾಡಲಿ?"

"ಅವಳು ಪಾಲು ಕೊಂಡದ್ದು ಬೆಳಗಿನ ದೋಣಿಗಾಗಿ, ನೀನು ಕೊಂಡದ್ದು ಯಾತಕ್ಕಾಗಿ ಎಂದು ಇಷ್ಟು ಹೊತ್ತಾದರೂ ಹೇಳಲೇ ಇಲ್ಲವಲ್ಲೋ."