ತಿರುವಿನ ಹೊಸ ಫಲಕ

ಕಪ್ಪು ಬೈಕೂ ಕೆಂಪು ಬೈಕೂ ಹಳೆಯ ಗೆಳೆಯರು. ಊರೂರು ಸುತ್ತಿ ಟೈರು ಸವೆಸಿದ್ದ ಅವು ಒಂದು ದಿನ ಘಾಟಿ ಹತ್ತುತ್ತ, ರಸ್ತೆ ಫಲಕಗಳ ಅರ್ಥ ಹೇಳುವ ಪಂದ್ಯ ಕಟ್ಟಿದವು.

"ತಲೆಕೆಳಗಾದ ತ್ರಿಕೋನ?" ಎಂದಿತು ಕೆಂಪು.

"ಬೇರೆಯವರಿಗೆ ದಾರಿ ಬಿಡು ಅಂತ. ಇಂಥದ್ದನ್ನೆಲ್ಲ ನನ್ನನ್ನು ಕೇಳುವುದೇ?" ಎಂದಿತು ಕಪ್ಪು.

ತಿರುವೊಂದರಲ್ಲಿ ಹೊಸ ಫಲಕ ಕಂಡಿತು. ಅದರಲ್ಲಿ ಒಂದು ಕಾರು, ಚಕ್ರದ ಹಿಂದೆ ಸಣ್ಣ ಚುಕ್ಕಿಗಳು.

"ಇದು ಕಾರಿನವರಿಗೆ, ನಮಗಲ್ಲ," ಎಂದು ಕಪ್ಪು ವೇಗ ಹೆಚ್ಚಿಸಿತು.

ಕೆಂಪು ನಿಂತಿತು. "ಫಲಕಣ್ಣ, ಇಷ್ಟು ವರ್ಷ ಓಡಿದರೂ ನಿನ್ನ ಅರ್ಥ ನನಗೆ ಗೊತ್ತಿಲ್ಲ. ಹೇಳುತ್ತೀಯಾ?"

"ತಿರುವಿನಾಚೆ ಸಡಿಲ ಜಲ್ಲಿ ಬಿದ್ದಿದೆ, ಚಕ್ರ ಜಾರುತ್ತದೆ. ಗೆಳೆಯನನ್ನು ಬೇಗ ಕೂಗು!"

"ಕಪ್ಪಣ್ಣಾ, ನಿಧಾನ! ಮುಂದೆ ಜಲ್ಲಿ!" ಎಂದು ಕೆಂಪು ಜೋರಾಗಿ ಕೂಗಿತು. ಕಪ್ಪು ವೇಗ ತಗ್ಗಿಸಿ, ಜಲ್ಲಿಯ ಅಂಚಿನಲ್ಲಿ ಹೇಗೋ ನಿಂತಿತು. ಪಕ್ಕದಲ್ಲೇ ಆಳವಾದ ಕಣಿವೆ.

ಕಪ್ಪು ಮೆಲ್ಲಗೆ ಹಿಂತಿರುಗಿ ಬಂದು ಫಲಕಕ್ಕೆ ಹೇಳಿತು: "ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಕೇಳಿದರೆ ನೀನು ನಗುತ್ತೀಯೇನೋ ಅಂದುಕೊಂಡೆ."

"ನಗುವುದಕ್ಕಲ್ಲ ತಮ್ಮಾ, ಹೇಳುವುದಕ್ಕೇ ನಾನು ಈ ಬಿಸಿಲಲ್ಲಿ ನಿಂತಿರುವುದು," ಎಂದಿತು ಫಲಕ.

ಎರಡೂ ಬೈಕುಗಳು ನಿಧಾನವಾಗಿ ಜಲ್ಲಿ ದಾಟಿದವು. ಮುಂದೆ ಇನ್ನೊಂದು ಅಪರಿಚಿತ ಫಲಕ ಕಂಡಾಗ, ಮೊದಲು ನಿಂತು ಕೇಳಿದ್ದು ಕಪ್ಪು ಬೈಕೇ.