ಕಟ್ಟಕಡೆಗೆ ಬಂದವರು ಯಾರು?

“ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?”

ಕೇಳಿದವನು ಸುಧನ್ವ. ಮದ್ದಳೆ ಕಲಿಯುವ ಶಿಷ್ಯರಲ್ಲೆಲ್ಲ ಚುರುಕು ಕೈಯವನು. ಹಿಂದಿನ ದಿನವಷ್ಟೇ ಗುರುಗಳಾದ ಅಣ್ಣಪ್ಪ ಶೇರೆಗಾರರು ಅವನನ್ನು ಕರೆದು, “ನನ್ನ ಮೊಣಕಾಲು ಮಾತು ಕೇಳುತ್ತಿಲ್ಲ. ನಾಳೆಯಿಂದ ಹೊಸಬರಿಗೆ ನೀನೇ ಮುಂದೆ ಕೂತು ಪಾಠ ಹೇಳು” ಎಂದಿದ್ದರು. ಇವತ್ತು ಸುಧನ್ವ ಮುಂದೆ ಕೂತು ಝಂಪೆ ತಾಳ ಹೇಳಿಕೊಟ್ಟಿದ್ದ. ಪಾಠ ಮುಗಿಸಿ ಜಗಲಿಗೆ ಬಂದು, ಎಲೆಯಡಿಕೆಯ ಕವಳ ಹಾಕುತ್ತಿದ್ದ ಗುರುಗಳ ಹತ್ತಿರ ಕೂತಿದ್ದ. ಒಳಗಿನಿಂದ ಇನ್ನೂ ಒಂದು ಮದ್ದಳೆಯ ಸದ್ದು ಕೇಳುತ್ತಿತ್ತು.

“ಯಾಕೆ? ತಪ್ಪು ಅಂತ ಯಾರು ಹೇಳಿದರು?” ಎಂದರು ಶೇರೆಗಾರರು.

“ಯಾರೂ ಹೇಳಲಿಲ್ಲ. ಎಲ್ಲರ ಮುಂದೆ ಕೂತಾಗ ಎದೆ ಉಬ್ಬಿತು. ಈಗಲೇ ಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಬೇಕು ಅನ್ನಿಸಿತು. ಆಮೇಲೆ ಹೆದರಿಕೆಯೂ ಆಯಿತು. ದೊಡ್ಡವರೆಲ್ಲ ಹೆಮ್ಮೆ ಬಿಡು, ಹೆಮ್ಮೆ ಬಿಡು ಅನ್ನುತ್ತಾರಲ್ಲ.”

“ಅನ್ನುವವರಿಗೇನು, ಅನ್ನುತ್ತಾರೆ. ಹೆಮ್ಮೆ ಇಲ್ಲದವನ ಕೈಯಲ್ಲಿ ಮದ್ದಳೆ ನುಡಿಯುತ್ತದೇನೋ? ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಹ್ಞೂಂ ಅಂದರೆ ಸಾಕು.”

ಶೇರೆಗಾರರು ಎಲೆಯ ರಸವನ್ನು ಅಂಗಳಕ್ಕೆ ಉಗಿದು ಬಂದು ಹೇಳತೊಡಗಿದರು.

ನಾನು ಹುಟ್ಟಿದ ಊರಿನ ದಂಡೆಯಲ್ಲಿ ಕಲ್ಲುಗುಡ್ಡಗಳಿವೆ. ಅವುಗಳ ಬುಡವನ್ನು ಕಡಲು ತಿಂದು ತಿಂದು ಗವಿಗಳಾಗಿವೆ. ನಾವು ಸಣ್ಣವರಿದ್ದಾಗ ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಈಗ ಅವನ್ನು ನೋಡುವುದಕ್ಕೆಂದೇ ಊರೂರಿನಿಂದ ಜನ ಬರುತ್ತಾರೆ. ಕಯಾಕ್ ಎಂದು ಒಂದು ಸಪೂರ ದೋಣಿ. ಅದರಲ್ಲಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, ಗೈಡ್ ಒಬ್ಬರು ಮುಂದೆ ಹೋಗಿ ದಾರಿ ತೋರಿಸುತ್ತಾರೆ.

ಹಾಗೆ ದಾರಿ ತೋರಿಸುವವರಲ್ಲಿ ಶೇವಂತಿ ಹರಿಕಂತ್ರ ಎಂಬುವಳು ಒಬ್ಬಳು. ಮೀನುಗಾರರ ಮನೆಯ ಹೆಂಗಸು. ಬಾಯಿ ಎಂದರೆ ಬಾಯಿ, ಮಾರಾಯ! ‘ಈ ದಂಡೆಯಲ್ಲಿ ನನ್ನಂಥ ಗೈಡ್ ಇನ್ನೊಬ್ಬರಿಲ್ಲ’ ಎಂದು ಬಂದವರಿಗೆಲ್ಲ ತಾನೇ ಹೇಳಿಕೊಳ್ಳುತ್ತಿದ್ದಳು. ಜಂಬಗಾತಿ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಅವಳು ಕ್ಯಾರೇ ಅನ್ನುತ್ತಿರಲಿಲ್ಲ.

ಆ ಗವಿಗಳಲ್ಲಿ ಒಂದು ದೊಡ್ಡ ಗವಿ. ಬಾಯಿ ಅಗಲ, ಒಳಗೆ ಹೋದಂತೆ ಇಕ್ಕಟ್ಟು. ದೋಣಿಗಳು ಒಂದರ ಹಿಂದೆ ಒಂದು ಹೋಗಬೇಕು. ತುದಿಯಲ್ಲಿ ಮೇಲಿನ ಕಲ್ಲಿಗೆ ಒಂದು ಕಂಡಿ ಬಿದ್ದಿದೆ. ಅದರೊಳಗಿಂದ ಬಿಸಿಲು ಇಳಿದು ನೀರೆಲ್ಲ ಹಸಿರಾಗಿ ಹೊಳೆಯುತ್ತದೆ. ಜನ ಬರುವುದು ಅದನ್ನು ನೋಡುವುದಕ್ಕೆ. ಆದರೆ ಒಳಗೆ ದೋಣಿ ತಿರುಗಿಸುವಷ್ಟು ಜಾಗವಿಲ್ಲ. ಹೋದದ್ದು ಹೇಗೋ ಹಾಗೇ, ಮುಖ ಒಳಗಿಟ್ಟುಕೊಂಡು, ಹಿಂದಕ್ಕೆ ಹುಟ್ಟು ಹಾಕುತ್ತ ಬರಬೇಕು. ಅಲ್ಲಿಗೆ ಲೆಕ್ಕ ತಿರುಗುಮುರುಗು. ಕೊನೆಗೆ ಒಳಗೆ ಹೋದವನು ಮೊದಲು ಹೊರಗೆ ಬರುತ್ತಾನೆ. ಮೊದಲು ಹೋದ ಗೈಡ್ ಕಟ್ಟಕಡೆಗೆ ಬರುತ್ತಾರೆ.

ಅದಕ್ಕೇ ಆ ದಂಡೆಯಲ್ಲಿ ಒಂದು ರೂಢಿ. ದೋಣಿಗಳು ಮರಳಿದಾಗ, ಬಲೆ ಹೊಲಿಯುತ್ತ ಕೂತವರು ಗವಿ ಹೇಗಿತ್ತು ಎಂದು ಕೇಳುವುದಿಲ್ಲ. ‘ಕಟ್ಟಕಡೆಗೆ ಬಂದವರು ಯಾರು?’ ಎಂದು ಕೇಳುತ್ತಾರೆ. ಗೈಡ್ ‘ನಾನು’ ಎನ್ನಬೇಕು. ಆ ಒಂದು ಮಾತು ಸಿಕ್ಕಿದರೆ ಒಳಗೆ ಯಾರೂ ಉಳಿದಿಲ್ಲ, ಎಲ್ಲರೂ ಕ್ಷೇಮ ಎಂದು ಅರ್ಥ. ಬೇರೆಯವರು ‘ನಾನು’ ಎಂದು ಸುಮ್ಮನಾಗುತ್ತಿದ್ದರು. ಶೇವಂತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ‘ನಾನಲ್ಲದೆ ಮತ್ಯಾರು!’ ಎನ್ನುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಘಟ್ಟದ ಮೇಲಿನಿಂದ ಒಬ್ಬ ಗುತ್ತಿಗೆದಾರ ತನ್ನ ಮಗಳನ್ನು ಕರೆದುಕೊಂಡು ಬಂದ. ರಸ್ತೆ, ಸೇತುವೆ ಮಾಡಿಸುವವನು. ಕೆಟ್ಟವನಲ್ಲ. ಕಲ್ಲು ಹೊತ್ತು ಮೇಲೆ ಬಂದವನು. ಆ ಹೆಮ್ಮೆ ಅವನಿಗೆ ಇತ್ತು, ಇರಬೇಕಾದದ್ದೇ. ಆದರೆ ಎಲ್ಲಿ ಹೋದರೂ ಮುಂದೆ ನಿಲ್ಲುವುದು ಅವನಿಗೆ ಚಟವಾಗಿಬಿಟ್ಟಿತ್ತು. ಊಟಕ್ಕೆ ಮೊದಲ ಪಂಕ್ತಿ, ಫೋಟೋಕ್ಕೆ ಮೊದಲ ಸಾಲು. ‘ಜನ್ಮದಲ್ಲಿ ನಾನು ಹಿಂದೆ ಸರಿದವನಲ್ಲ’ ಎಂದು ಮಾತುಮಾತಿಗೆ ಹೇಳುತ್ತಿದ್ದ. ಮಗಳನ್ನೂ ಅದನ್ನೇ ಹೇಳಿ ಬೆಳೆಸಿದ್ದ. ಆ ದಿನ ಅವರ ಜೊತೆಗೆ ಹೊಸದಾಗಿ ಮದುವೆಯಾದ ಒಂದು ಜೋಡಿಯೂ ಹೊರಟಿತ್ತು.

ಶೇವಂತಿ ಎಲ್ಲರಿಗೂ ಲೈಫ್ ಜಾಕೆಟ್ ಬಿಗಿದಳು. ಮರಳಿನ ಮೇಲೆ ಕೂರಿಸಿ, ಹಿಂದಕ್ಕೆ ಹುಟ್ಟು ಹಾಕುವುದು ಹೇಗೆಂದು ಕಲಿಸಿದಳು. ಗುತ್ತಿಗೆದಾರ ಆಗ ಮಗಳ ಫೋಟೋ ತೆಗೆಯುತ್ತಿದ್ದ. ‘ಸಾಹೇಬರೇ, ಕಲಿತಿರಾ?’ ಎಂದು ಕೇಳಿದ್ದಕ್ಕೆ, ‘ಎಲ್ಲ ಗೊತ್ತು, ನಡಿ. ನಾನು ಮುಂದೆ ಹೋಗುತ್ತೇನೆ’ ಎಂದ.

‘ಮುಂದಿನದು ನನ್ನ ಜಾಗ. ನನ್ನ ಅಪ್ಪ ಬಂದು ಕೇಳಿದರೂ ಕೊಡುವುದಿಲ್ಲ’ ಎಂದಳು ಶೇವಂತಿ.

‘ಇಷ್ಟು ಸೊಕ್ಕೇ ನಿನಗೆ?’

‘ಸೊಕ್ಕೋ ಹೆಮ್ಮೆಯೋ, ಹೊರಗೆ ಬಂದ ಮೇಲೆ ನೀವೇ ಹೇಳಿ.’

ಅವನು ಗೊಣಗುತ್ತ ಅವಳ ಬೆನ್ನಿಗೇ ತನ್ನ ದೋಣಿ ಹಾಕಿದ. ಅವನ ಹಿಂದೆ ಮಗಳು. ಕೊನೆಗೆ ಜೋಡಿಯ ದೋಣಿ.

ಕೇಳುತ್ತಿದ್ದೀಯೇನೋ? ಯಾರದು ಒಳಗೆ, ಆ ಹೊಸಬ ಶೀನನೇ? ಮತ್ತೆ ಅದೇ ಜಾಗದಲ್ಲಿ ತಪ್ಪಿದ ನೋಡು. ಇರಲಿ, ಮುಂದೆ ಕೇಳು.

ಗವಿಯ ತುದಿಯವರೆಗೆ ಹೋದರು. ಹಸಿರು ನೀರು ನೋಡಿದರು. ಗುತ್ತಿಗೆದಾರನಂಥ ಗುತ್ತಿಗೆದಾರನೂ ಆಹಾ ಎಂದ. ಅಷ್ಟರಲ್ಲಿ ಗವಿಯ ನೀರು ಸರ್ರನೆ ಹೊರಗೆ ಎಳೆದುಕೊಂಡಿತು. ಕಡಲು ಹಾಗೆ ಎಳೆದುಕೊಂಡರೆ ಹಿಂದೆಯೇ ದೊಡ್ಡ ಅಲೆ ಬರುತ್ತದೆ ಎಂದು ದಂಡೆಯ ಮಕ್ಕಳಿಗೂ ಗೊತ್ತು. ಶೇವಂತಿ ಕೂಗಿದಳು: ‘ಹಿಂದೆ! ಎಲ್ಲರೂ ಹಿಂದೆ!’

ಜೋಡಿ ಹಿಂದಕ್ಕೆ ಹುಟ್ಟು ಹಾಕಿ ಹೊರಗೆ ಹೋಯಿತು. ಮಗಳೂ ಹೋದಳು. ಗುತ್ತಿಗೆದಾರನಿಗೆ ಮಾತು ಕಿವಿಗೆ ಬಿತ್ತು, ಕೈಗೆ ಇಳಿಯಲಿಲ್ಲ. ಹಿಂದೆ ಹೋಗಿ ಗೊತ್ತಿಲ್ಲದ ಮನುಷ್ಯ. ಮುಖ ಮುಂದಿಟ್ಟುಕೊಂಡೇ ಹೊರಗೆ ಹೋಗುತ್ತೇನೆಂದು ದೋಣಿ ತಿರುಗಿಸಹೋದ. ಅಲೆ ಬಂದು ಹೊಡೆಯಿತು. ದೋಣಿಯ ಮೂತಿ ಒಂದು ಗೋಡೆಗೆ, ಬಾಲ ಇನ್ನೊಂದು ಗೋಡೆಗೆ ಸಿಕ್ಕಿ, ಬಾಗಿಲಿಗೆ ಅಗುಳಿ ಜಡಿದ ಹಾಗೆ ಅಡ್ಡ ನಿಂತಿತು. ಅವನ ಆಚೆ ಬೆಳಕು, ಈಚೆ ಶೇವಂತಿ.

ಇನ್ನೊಂದು ಅಲೆ ಬಂತು. ನೀರು ಏರಿತು, ಮೇಲಿನ ಕಲ್ಲಿಗೆ ಅವನ ತಲೆ ತಾಗಿತು. ಹೊರಗಿನಿಂದ ಮಗಳು ‘ಅಪ್ಪಾ! ಅಪ್ಪಾ!’ ಎಂದು ಕಿರುಚುತ್ತಿದ್ದಳು. ಗೋಡೆಗೆ ಕೈ ಕೊಟ್ಟು ನೂಕಿದ, ಉಗುರು ಕಿತ್ತುಹೋಯಿತು. ಅವನಿಗೆ ಆಗ ಜೀವಭಯ ಹುಟ್ಟಿತು. ಆದರೂ ಮನುಷ್ಯ ಕೆಟ್ಟವನಲ್ಲ ಎಂದೆನಲ್ಲ, ತಿರುಗಿ ಹೇಳಿದ: ‘ತಾಯೀ, ನನ್ನಿಂದ ನೀನೂ ಸಿಕ್ಕಿಬಿದ್ದೆ. ನಿನಗೆ ಈಜು ಬರುತ್ತದೆ. ಜಾಕೆಟ್ ಬಿಚ್ಚಿ ನನ್ನ ದೋಣಿಯ ಅಡಿಯಿಂದ ಮುಳುಗಿ ಹೋಗಿಬಿಡು.’

ಹೋಗಬಹುದಿತ್ತು. ಹುಟ್ಟಿದಾಗಿನಿಂದ ನೀರಿನಲ್ಲೇ ಆಡಿ ಬೆಳೆದವಳು, ಅವಳಿಗೆ ಅದೇನು ಮಹಾ. ಹೋದರೆ ಯಾರೂ ತಪ್ಪು ಅನ್ನುತ್ತಲೂ ಇರಲಿಲ್ಲ.

‘ನಾನು ನಿಮಗಿಂತ ಮೊದಲು ಹೊರಗೆ ಹೋಗುವುದೇ? ಆಮೇಲೆ ದಂಡೆಯವರಿಗೆ ನಾನು ಯಾವ ಬಾಯಲ್ಲಿ ಉತ್ತರ ಹೇಳಲಿ?’ ಎಂದು ಅವಳು ಗದರಿದಳು. ‘ತಲೆ ಬಗ್ಗಿಸಿ ಕೂತುಕೊಳ್ಳಿ.’

ತನ್ನ ದೋಣಿ ಬಿಟ್ಟು ನೀರಿಗೆ ಇಳಿದಳು. ಅವನ ದೋಣಿಯ ಮೂತಿಗೆ ಭುಜ ಕೊಟ್ಟು ಕಾದಳು. ಅಲೆ ಬಂದು ದೋಣಿಯನ್ನು ಎತ್ತಿದಾಗ ನೂಕಿದಳು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕಲ್ಲಿಗೆ ಉಜ್ಜಿ ಭುಜದ ಚರ್ಮ ಸುಲಿಯಿತು. ‘ಬಾ ನೀನು, ನೋಡುತ್ತೇನೆ’ ಎಂದು ಅಲೆಯನ್ನೇ ಬೈದು, ಮುಂದಿನ ಅಲೆಗೆ ಮತ್ತೆ ನೂಕಿದಳು. ಮೂತಿ ಕಲ್ಲಿನಿಂದ ಕಳಚಿತು. ಅದನ್ನು ತಬ್ಬಿ ಹಿಡಿದು ತನ್ನ ಕಡೆಗೆ, ಗವಿಯ ಒಳಮುಖಕ್ಕೆ, ನೆಟ್ಟಗೆ ಮಾಡಿದಳು.

‘ಈಗ ಹಿಂದಕ್ಕೆ ಹುಟ್ಟು ಹಾಕಿ.’

ಅವನು ಹುಟ್ಟನ್ನು ಎತ್ತಿ ಮತ್ತೆ ಇಳಿಸಿದ. ‘ಹಿಂದಕ್ಕೆ ನನಗೆ ಬರುವುದಿಲ್ಲ’ ಎಂದ. ಪಾಪ, ನಿಜವನ್ನೇ ಹೇಳಿದ.

‘ಮಗಳು ಯಾವ ಕಡೆಯಿಂದ ಕೂಗುತ್ತಿದ್ದಾಳೆ?’

‘ಹಿಂದಿನಿಂದ.’

‘ಹಾಗಾದರೆ ಈಗ ನಿಮಗೆ ಅದೇ ಮುಂದೆ. ಹಾಕಿ ಹುಟ್ಟು!’

ಅವನು ಹಾಕಿದ. ವಕ್ರವೋ ಸೊಟ್ಟವೋ, ಅಂತೂ ಹಾಕಿದ. ಅವಳು ಮೂತಿ ಹಿಡಿದು ಈಜುತ್ತ ನೂಕಿದಳು. ಅವಳ ಸ್ವಂತ ದೋಣಿ ಒಳಗೇ ಉಳಿದು, ಅಲೆ ಅದನ್ನು ಕಲ್ಲಿಗೆ ಅಪ್ಪಳಿಸಿ ಸೀಳಿತು. ಆ ಸದ್ದು ಕೇಳಿದರೂ ಅವಳು ಅತ್ತ ತಿರುಗಿ ನೋಡಲಿಲ್ಲ. ಮೊದಲು ಗುತ್ತಿಗೆದಾರನ ಬೆನ್ನು ಬಿಸಿಲಿಗೆ ಬಂತು, ಆಮೇಲೆ ಅವನ ದೋಣಿ, ದೋಣಿಯ ಮೂತಿ ಹಿಡಿದುಕೊಂಡು ಶೇವಂತಿ. ಒಂದು ದೋಣಿಯ ಉದ್ದದಷ್ಟಾದರೂ ಹಿಂದೆಯೇ ಬಂದಳು, ನೋಡು! ಮಗಳು ತನ್ನ ದೋಣಿಯನ್ನು ಅಪ್ಪನ ದೋಣಿಗೆ ತಾಗಿಸಿ ಅವನ ಕೈ ಹಿಡಿದುಕೊಂಡಳು. ದಂಡೆ ಮುಟ್ಟುವವರೆಗೆ ಬಿಡಲಿಲ್ಲ.

ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದವರು ದೋಣಿ ಒಂದು ಕಡಿಮೆ ಇರುವುದನ್ನು ಕಂಡು ಎದ್ದು ನಿಂತಿದ್ದರು. ‘ಕಟ್ಟಕಡೆಗೆ ಬಂದವರು ಯಾರು?’ ಎಂದು ಕೂಗಿದರು. ಶೇವಂತಿ ಉಪ್ಪುನೀರು ಕುಡಿದು ಕೆಮ್ಮುತ್ತಿದ್ದಳು, ಅವಳಿಗೆ ಬಾಯಿ ಬರಲಿಲ್ಲ. ಆಗ ಗುತ್ತಿಗೆದಾರ ಮೊಣಕಾಲುದ್ದದ ನೀರಿನಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿದ: ‘ಇವಳು! ಇವಳಲ್ಲದೆ ಮತ್ಯಾರು!’ ಕೂಗಿ ಅತ್ತುಬಿಟ್ಟ. ಆಮೇಲೆ ಅವಳ ಕಡೆ ತಿರುಗಿ, ‘ಸೊಕ್ಕಲ್ಲ ತಾಯಿ, ಹೆಮ್ಮೆ’ ಎಂದ.

ಶೇವಂತಿ ಕೆಮ್ಮು ನಿಲ್ಲಿಸಿ ಅವನನ್ನು ದುರುಗುಟ್ಟಿ ನೋಡಿದಳು. ‘ನಾನು ಹೇಳುವ ಮಾತನ್ನು ನೀವ್ಯಾಕೆ ಹೇಳಿದಿರಿ? ಒಂದು ದೋಣಿ ಹೋಯಿತು, ಅದೂ ಹೋಗಬೇಕೇ?’ ಎಂದಳು. ಚರ್ಮ ಸುಲಿದ ಭುಜವನ್ನು ಹಾಗೂ ಹೀಗೂ ಎತ್ತಿ ಸೊಂಟಕ್ಕೆ ಕೈಯಿಟ್ಟಳು. ದಂಡೆಗೆಲ್ಲ ಕೇಳುವ ಹಾಗೆ ಹೇಳಿದಳು: ‘ನಾನಲ್ಲದೆ ಮತ್ಯಾರು!’

ಶೇರೆಗಾರರು ಕತೆ ನಿಲ್ಲಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಮರೆಮಾಚಲಿಲ್ಲ.

“ಆ ಹೆಂಗಸು ನನ್ನ ಊರಿನವಳು ಅಂತ ಯಾವ ಸಭೆಯಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ” ಎಂದರು. “ನನಗೆ ಮದ್ದಳೆಯ ಬಗ್ಗೆಯೂ ಅಷ್ಟು ಹೆಮ್ಮೆ ಇಲ್ಲ.”

ಸುಧನ್ವನ ಮುಖ ಅರಳಿತು. “ಹಾಗಾದರೆ ಹೆಮ್ಮೆ ತಪ್ಪಲ್ಲ ಅಂತಾಯಿತು, ಗುರುಗಳೇ.”

“ಯಾರು ತಪ್ಪು ಅಂದರು? ಪಡು, ಹೊಟ್ಟೆ ತುಂಬ ಪಡು. ಮುಂದೆ ಕೂರಿಸಿದವನೇ ನಾನು.”

“ಅಮ್ಮನಿಗೆ ಹೇಳಿ ಬರುತ್ತೇನೆ” ಎಂದು ಸುಧನ್ವ ಎದ್ದ. ಮೆಟ್ಟಿಲಿಳಿದು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ. ಒಳಗೆ ಶೀನನ ಮದ್ದಳೆ ಮತ್ತೆ ಅದೇ ಜಾಗದಲ್ಲಿ ತಪ್ಪಿ ನಿಂತಿತು. ಆಮೇಲೆ ಅವನು ಮೊದಲಿನಿಂದ ಶುರು ಮಾಡಿದ.

ಶೇರೆಗಾರರು ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಕೇಳಿದರು.

“ಸುಧನ್ವ, ಇವತ್ತಿನ ಪಾಠದಿಂದ ಕಟ್ಟಕಡೆಗೆ ಬಂದವರು ಯಾರು?”

ಸುಧನ್ವ ಶೀನನ ಮದ್ದಳೆ ಕೇಳಿಬರುತ್ತಿದ್ದ ಬಾಗಿಲಿನ ಕಡೆ ನೋಡಿದ. ಹಾಕಿಕೊಂಡಿದ್ದ ಚಪ್ಪಲಿಯನ್ನು ಬಿಚ್ಚಿ ಮತ್ತೆ ಮೆಟ್ಟಿಲು ಹತ್ತಿದ.